ಎಕ್ಸ್‌ಚೇಂಜ್ ವಿದ್ಯಾರ್ಥಿನಿ ಮನೆಗೆ ಬರುವ ಮುಂಚೆ: ಕೋಣೆಗಿಂತ ಮೊದಲು ಕ್ಯಾಲೆಂಡರ್ ನೋಡಿ

ಪ್ರಶ್ನೆ: ನಾವು ಒಹಾಯೊದ ಕೊಲಂಬಸ್ ಹತ್ತಿರ ಇದ್ದೇವೆ. ನಾನೂ ನಮ್ಮ ಯಜಮಾನರೂ ಐಟಿ ಕೆಲಸದಲ್ಲಿದ್ದೇವೆ. ಮಗಳು ಹತ್ತನೇ ಗ್ರೇಡ್, ಮಗ ಆರನೇ ಗ್ರೇಡ್. ಮಗಳ ಗೆಳತಿಯ ತಾಯಿ ಒಂದು ಯೂತ್ ಎಕ್ಸ್‌ಚೇಂಜ್ ಸಂಸ್ಥೆಗೆ ಲೋಕಲ್ ಕೋಆರ್ಡಿನೇಟರ್, ಅಂದರೆ ಹೊರದೇಶದ ವಿದ್ಯಾರ್ಥಿಗಳಿಗೆ ಇಲ್ಲಿ ಮನೆ ಹುಡುಕಿ ಅವರ ಯೋಗಕ್ಷೇಮ ನೋಡುವವರು. ಸ್ಪೇನ್‌ನಿಂದ ಬರುವ 16 ವರ್ಷದ ಹುಡುಗಿಯೊಬ್ಬಳಿಗೆ ಒಂದು ಶಾಲಾ ವರ್ಷ ಹೋಸ್ಟ್ ಫ್ಯಾಮಿಲಿ ಆಗುತ್ತೀರಾ ಅಂತ ಕೇಳಿದ್ದಾರೆ. ನಮ್ಮದು ಸಸ್ಯಾಹಾರಿ ಮನೆ. ಅಕ್ಟೋಬರ್‌ನಲ್ಲಿ ತುಮಕೂರಿನಿಂದ ನಮ್ಮ ಅತ್ತೆ ಬಂದು ಆರು ತಿಂಗಳು ಇರುತ್ತಾರೆ. ಇದಕ್ಕೆ ದುಡ್ಡು ಕೊಡುತ್ತಾರಾ? ಹುಡುಗಿಗೆ ಏನಾದರೂ ಆದರೆ ಹೊಣೆ ಯಾರದ್ದು? ನಾನೂ ಕೋಆರ್ಡಿನೇಟರ್ ಆಗಬಹುದು ಅಂತಲೂ ಅವರು ಹೇಳುತ್ತಿದ್ದಾರೆ. ಹಾಗೇ, ಧಾರವಾಡದಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನಮ್ಮ ಅಕ್ಕನ ಮಗಳನ್ನು ಇದೇ ದಾರಿಯಲ್ಲಿ ನಮ್ಮ ಮನೆಗೆ ಕರೆಸಿಕೊಳ್ಳಬಹುದಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಪೇನ್ ಹುಡುಗಿಗೆ ಹೋಸ್ಟ್ ಆಗಬಹುದು, ಆದರೆ ಒಂದು ಷರತ್ತಿನ ಮೇಲೆ. ಕೋಆರ್ಡಿನೇಟರ್ ಕೆಲಸ ಈ ವರ್ಷ ಬೇಡ. ಅಕ್ಕನ ಮಗಳನ್ನು ಈ ದಾರಿಯಲ್ಲಿ ನಿಮ್ಮ ಮನೆಗೆ ಕರೆಸುವುದು ಸಾಧ್ಯವೇ ಇಲ್ಲ.

ಆ ಷರತ್ತು ಏನು ಅಂದರೆ, ಶಾಲೆ ಬಿಡುವ ಹೊತ್ತಿನಿಂದ ರಾತ್ರಿ ಊಟದವರೆಗೆ ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬಿಡುವು ಇರಬೇಕು. ಪ್ರತಿದಿನ ಅಂತಲ್ಲ, ವಾರದಲ್ಲಿ ಮೂರು ನಾಲ್ಕು ದಿನ ಸಾಕು. ಇದೇ ಮಿಡ್‌ವೆಸ್ಟ್‌ನಲ್ಲಿ ನಾನು ಬಹಳ ವರ್ಷದಿಂದ ಈ ಕೋಆರ್ಡಿನೇಟರ್ ಕೆಲಸ ಮಾಡುತ್ತಿದ್ದೇನೆ. ನಮ್ಮ ಕನ್ನಡದ ಮನೆಗಳಿಗೆ ಹೋದಾಗ ಮೊದಲು ಖಾಲಿ ಕೋಣೆ ತೋರಿಸುತ್ತಾರೆ. ಹೊಸ ಹಾಸಿಗೆ, ಹೊಸ ಪರದೆ, ಗೋಡೆಗೆ ಬಣ್ಣ. ಎಲ್ಲ ಚೆನ್ನಾಗಿಯೇ ಇರುತ್ತದೆ. ನಾನು ಕೇಳುವುದು ಫ್ರಿಜ್ ಮೇಲೆ ಅಂಟಿಸಿದ ಕ್ಯಾಲೆಂಡರನ್ನು. ಮಂಗಳವಾರ ಮಗನ ಸಾಕರ್, ಬುಧವಾರ ಮಗಳ ಭರತನಾಟ್ಯ, ಗುರುವಾರ ಕುಮಾನ್ ಟ್ಯೂಷನ್, ಶನಿವಾರ ಕನ್ನಡ ಶಾಲೆ, ರಾತ್ರಿ ಒಂಬತ್ತಕ್ಕೆ ಬೆಂಗಳೂರು ಟೀಮಿನ ಜೊತೆ ಕಾಲ್. ಇದರ ನಡುವೆ ಇನ್ನೊಂದು ಮಗುವನ್ನು ಎಲ್ಲಿ ಕೂರಿಸುತ್ತೀರಿ?

ಸ್ಪೇನ್ ಹುಡುಗಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿನ ಊರುಗಳಲ್ಲಿ ಹದಿಹರೆಯದವರು ಸಂಜೆ ಹೊತ್ತು ನಡೆದುಕೊಂಡೋ ಬಸ್ಸಿನಲ್ಲೋ ತಾವಾಗಿಯೇ ಹೊರಗೆ ಹೋಗುತ್ತಾರೆ, ಚೌಕದಲ್ಲಿ ಗೆಳೆಯರ ಜೊತೆ ಕೂರುತ್ತಾರೆ. ರಾತ್ರಿ ಊಟ ಒಂಬತ್ತು ಗಂಟೆಯ ಮೇಲೆಯೇ. ನಿಮ್ಮ ಸಬರ್ಬ್‌ನಲ್ಲಿ ಕಾರಿಲ್ಲದೆ ಒಂದು ಐಸ್‌ಕ್ರೀಮ್ ಅಂಗಡಿಗೂ ಹೋಗಲಿಕ್ಕಾಗದು, ಅಲ್ವಾ? ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಕಾರು ಓಡಿಸಲು ಸಾಮಾನ್ಯವಾಗಿ ಯಾವ ಸಂಸ್ಥೆಯೂ ಬಿಡುವುದಿಲ್ಲ. ಅಂದರೆ ಅವಳು ಕ್ಲಬ್ಬಿಗೆ ಸೇರಬೇಕು, ಗೆಳೆಯರನ್ನು ಮಾಡಿಕೊಳ್ಳಬೇಕು ಅಂದರೆ ಯಾರಾದರೂ ಕಾರಿನಲ್ಲಿ ಬಿಟ್ಟು ಕರೆತರಬೇಕು. ಇಲ್ಲದಿದ್ದರೆ ಮೂರೂವರೆಗೆ ಬಂದು ಕೋಣೆ ಬಾಗಿಲು ಹಾಕಿಕೊಂಡು ತನ್ನೂರಿನ ಗೆಳತಿಯರ ಜೊತೆ ವಾಟ್ಸಾಪ್‌ನಲ್ಲಿ ಇರುತ್ತಾಳೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೊಸತನ ಕಳೆದು, ಬೇಗ ಕತ್ತಲಾಗತೊಡಗಿ, ಊರಿನ ನೆನಪು ಜೋರಾಗುತ್ತದೆ. ನನಗೆ ಜಾಸ್ತಿ ಫೋನ್ ಬರುವುದು ಆಗಲೇ. ನಿಮ್ಮ ಅತ್ತೆ ಬಂದಿಳಿಯುವುದೂ ಅದೇ ಹೊತ್ತಿಗೆ. ಇದನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ.

ಅತ್ತೆಯವರ ಮಾತು ಬಂತಲ್ಲ, ನೀವು ಊಹಿಸಿರದ ಒಂದು ವಿಷಯ ಇದೆ. ಹುಡುಗಿ ಬರುವುದು ಜೆ-1 ವೀಸಾದಲ್ಲಿ, ಅಂದರೆ ವಿನಿಮಯ ಕಾರ್ಯಕ್ರಮಗಳ ವೀಸಾದಲ್ಲಿ. ಈ ಕಾರ್ಯಕ್ರಮಗಳಿಗೆ ಅಮೆರಿಕದ ಸ್ಟೇಟ್ ಡಿಪಾರ್ಟ್‌ಮೆಂಟ್, ಅಂದರೆ ವಿದೇಶಾಂಗ ಇಲಾಖೆ, ನಿಯಮ ಮಾಡಿದೆ. ಅದರ ಪ್ರಕಾರ ಹೋಸ್ಟ್ ಮನೆಯಲ್ಲಿರುವ 18 ದಾಟಿದ ಪ್ರತಿಯೊಬ್ಬರ ಕ್ರಿಮಿನಲ್ ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು. ಹುಡುಗಿ ಇರುವಾಗ 18 ತುಂಬುವವರೂ ಇದರಲ್ಲಿ ಸೇರುತ್ತಾರೆ. ನಡುವೆ ಮನೆಗೆ ಹೊಸದಾಗಿ ಸೇರುವ ದೊಡ್ಡವರೂ ಸೇರುತ್ತಾರೆ. ಆರು ತಿಂಗಳು ಇರುವ ಅತ್ತೆ ಸುಮ್ನೆ ಬಂದು ಹೋಗುವ ನೆಂಟರಲ್ಲ. ಅವರು ಬರುವ ವಿಷಯವನ್ನು ಅರ್ಜಿಯಲ್ಲೇ ಬರೆಯಿರಿ. ಅಮೆರಿಕದಲ್ಲಿ ಹಿಂದಿನ ದಾಖಲೆ ಇಲ್ಲದವರಿಗೆ ಏನು ಮಾಡಬೇಕು ಅಂತ ಸಂಸ್ಥೆಯವರು ಹೇಳುತ್ತಾರೆ. ಅತ್ತೆಗೂ ಮುಂಚೆಯೇ ನಯವಾಗಿ ತಿಳಿಸಿ. 'ಈ ವಯಸ್ಸಿನಲ್ಲಿ ನನ್ನ ಮೇಲೆ ಪೊಲೀಸ್ ವಿಚಾರಣೆಯಾ?' ಅಂತ ವಿಮಾನ ಇಳಿದ ಮೇಲೆ ಬೇಸರ ಮಾಡಿಕೊಳ್ಳುವುದು ಬೇಡ.

ಉಳಿದ ಪರಿಶೀಲನೆಯೂ ಹೀಗೇ ಗಟ್ಟಿಯಾಗಿದೆ. ಕೋಆರ್ಡಿನೇಟರ್ ಮನೆಗೇ ಬಂದು ಎಲ್ಲರನ್ನೂ ಕೂರಿಸಿ ಮಾತಾಡಿಸಬೇಕು. ಮನೆಯ ಹೊರಭಾಗ, ಅಡುಗೆಮನೆ, ಹಾಲ್, ಬಚ್ಚಲು, ಹುಡುಗಿ ಮಲಗುವ ಕೋಣೆ, ಎಲ್ಲದರ ಫೋಟೋ ತೆಗೆಯುತ್ತಾರೆ. ನಿಮ್ಮ ಬಗ್ಗೆ ಇಬ್ಬರು ಹೊರಗಿನವರು ಮಾತು ಹೇಳಬೇಕು. ಅವರು ನೆಂಟರಾಗಿರಬಾರದು, ಸಂಸ್ಥೆಯ ಪ್ರತಿನಿಧಿಗಳೂ ಆಗಿರಬಾರದು. ಹಾಗಾಗಿ ನಿಮ್ಮನ್ನು ಕೇಳಿದ ಆ ತಾಯಿಯೇ ರೆಫರೆನ್ಸ್ ಆಗಲು ಬರುವುದಿಲ್ಲ. ಮಗಳ ಟೀಚರ್, ಪಕ್ಕದ ಮನೆಯವರು, ಕನ್ನಡ ಕೂಟದಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವರು ಆಗಬಹುದು. ಹುಡುಗಿ ಬಂದ ಮೊದಲ ಒಂದೆರಡು ತಿಂಗಳಲ್ಲಿ ಇನ್ನೊಂದು ಭೇಟಿ ಇರುತ್ತದೆ. ಅದಕ್ಕೆ ನಿಮ್ಮನ್ನು ಸೇರಿಸಿದವರನ್ನು ಬಿಟ್ಟು ಬೇರೆಯವರೇ ಬರಬೇಕು. ಯಾಕೆ ಅಂತ ನಿಮಗೇ ಹೊಳೆಯುತ್ತದೆ. ತಾನೇ ಹುಡುಕಿದ ಮನೆಯಲ್ಲಿ ಕೊರತೆ ಕಾಣುವುದು ಯಾರಿಗೂ ಕಷ್ಟ.

ಕೋಣೆಯ ಬಗ್ಗೆ ಎರಡು ಮಾತು. ಅವಳಿಗೆ ಸ್ವಂತ ಮಂಚ ಬೇಕು. ಸೋಫಾ-ಕಮ್-ಬೆಡ್ ಆಗಲ್ಲ, ಗಾಳಿ ತುಂಬುವ ಹಾಸಿಗೆಯೂ ಆಗಲ್ಲ. ಮಗಳ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಬಹುದು, ಆದರೆ ಅವಳ ಜೊತೆ ಒಬ್ಬಳು ಹುಡುಗಿ ಮಾತ್ರ ಇರಬೇಕು. ಅತ್ತೆ ಬಂದಾಗ ಜಾಗ ಸಾಲದೆ ಮೂವರನ್ನು ಒಂದೇ ಕೋಣೆಗೆ ಸೇರಿಸುವಂತಿಲ್ಲ. ನಮ್ಮವರು ಹೆಚ್ಚಾಗಿ ಚಂದ ಮಾಡಿದ ಬೇಸ್‌ಮೆಂಟ್ ತೋರಿಸುತ್ತಾರೆ. ನಾನು ಅಲ್ಲಿಗೆ ಹೋದರೆ ಮೊದಲು ಕಿಟಕಿ ನೋಡುತ್ತೇನೆ. ಬೆಂಕಿ ಬಿದ್ದರೆ ಅಡೆತಡೆ ಇಲ್ಲದೆ ಹೊರಗೆ ಬರಲು ದಾರಿ ಇರಬೇಕು ಅನ್ನುವುದು ನಿಯಮ. ಒಬ್ಬ ಮನುಷ್ಯ ನುಸುಳಲಾಗದ, ಮೇಲೆಲ್ಲೋ ಇರುವ ಚಿಕ್ಕ ಕಿಟಕಿ ಇದ್ದರೆ ಹೋಮ್ ಥಿಯೇಟರ್ ಎಷ್ಟೇ ದೊಡ್ಡದಿರಲಿ, ಆ ಕೋಣೆ ಲೆಕ್ಕಕ್ಕಿಲ್ಲ.

ಈಗ ದುಡ್ಡು. ಕೊಡುವುದಿಲ್ಲ. ಜೆ-1 ಹೈಸ್ಕೂಲ್ ಕಾರ್ಯಕ್ರಮದಲ್ಲಿ ಹೋಸ್ಟ್ ಫ್ಯಾಮಿಲಿ ಅಂದರೆ ಸ್ವಯಂಸೇವಕರು. ಎಫ್‌-1 ವಿದ್ಯಾರ್ಥಿ ವೀಸಾದಲ್ಲಿ ಖಾಸಗಿ ಶಾಲೆಗೆ ಬರುವ ಮಕ್ಕಳಿಗೆ ತಿಂಗಳಿಗಿಷ್ಟು ಅಂತ ಬಾಡಿಗೆ ಪಡೆದು ಮನೆ ಕೊಡುವ ವ್ಯವಹಾರ ಬೇರೆ ಇದೆ. ನಿಮ್ಮ ಗೆಳೆಯರು ಯಾರಾದರೂ 'ನಮಗೆ ದುಡ್ಡು ಬರುತ್ತೆ' ಅಂದಿದ್ದರೆ ಅದು ಇದಿರಬೇಕು. ನಿಮ್ಮ ಖರ್ಚು ಊಟ, ಕರೆಂಟು, ನೀರು, ಪೆಟ್ರೋಲು. ಬಟ್ಟೆ, ಫೋನ್, ಸಿನಿಮಾ, ಶಾಲೆಯ ಪ್ರಾಮ್ ಡ್ಯಾನ್ಸಿನ ಡ್ರೆಸ್ಸಿಗೆ ಅವಳು ತನ್ನದೇ ದುಡ್ಡು ತರುತ್ತಾಳೆ.

ತೆರಿಗೆಯಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ಅರ್ಹ ಸಂಸ್ಥೆಯ ಜೊತೆ ಲಿಖಿತ ಒಪ್ಪಂದ ಇದ್ದು, ವಿದ್ಯಾರ್ಥಿ ಶಾಲೆಗೆ ಪೂರ್ತಿ ಹೋಗುತ್ತಿದ್ದರೆ, ಅವಳಿಗಾಗಿ ಮಾಡಿದ ಖರ್ಚಿನಲ್ಲಿ ತಿಂಗಳಿಗೆ 50 ಡಾಲರ್‌ವರೆಗೆ ದಾನದ ಲೆಕ್ಕದಲ್ಲಿ ತೋರಿಸಬಹುದು. 15 ದಿನ ಅಥವಾ ಜಾಸ್ತಿ ಇದ್ದ ತಿಂಗಳನ್ನು ಪೂರ್ತಿ ತಿಂಗಳು ಅಂತ ಹಿಡಿಯುತ್ತಾರೆ. ಆದರೆ ಇದು ಐಟಮೈಜ್ ಮಾಡುವವರಿಗೆ, ಅಂದರೆ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ. ಇಡಿಗಂಟಾಗಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರು ಈ ಲೆಕ್ಕ ಮರೆತುಬಿಡಿ. ಅವಳನ್ನು ಡಿಪೆಂಡೆಂಟ್, ಅಂದರೆ ನಿಮ್ಮ ಆಶ್ರಿತಳು, ಅಂತ ತೋರಿಸುವ ಯೋಚನೆಯೂ ಬೇಡ.

ಯಾಕೆ ದುಡ್ಡಿಲ್ಲ ಅಂದರೆ ಇದರ ಹುಟ್ಟೇ ಹಾಗೆ. ಎಎಫ್‌ಎಸ್ ಅನ್ನುವ ವಿದ್ಯಾರ್ಥಿ ವಿನಿಮಯ ಸಂಸ್ಥೆಯ ಹೆಸರು ನೀವು ಕೇಳಿರಬಹುದು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಗಾಯಾಳುಗಳನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುತ್ತಿದ್ದ ಅಮೆರಿಕನ್ ಸ್ವಯಂಸೇವಕರ ಗುಂಪು ಅದು. ಎರಡನೇ ಯುದ್ಧದಲ್ಲಿ ಅದೇ ಗುಂಪಿನ ಡ್ರೈವರ್‌ಗಳು ಭಾರತ-ಬರ್ಮಾ ಗಡಿಯ ಕಡೆಗೂ ಬಂದಿದ್ದರು. ಯುದ್ಧ ಮುಗಿದ ಮೇಲೆ ಸ್ಟೀಫನ್ ಗಲಾಟಿ ಮತ್ತು ಜೊತೆಗಾರರು ಆ ಕೆಲಸವನ್ನು ವಿದ್ಯಾರ್ಥಿ ವಿನಿಮಯದ ಕಡೆಗೆ ತಿರುಗಿಸಿದರು. 1947ರಲ್ಲಿ 10 ದೇಶಗಳ 52 ಮಕ್ಕಳು ಅಮೆರಿಕಕ್ಕೆ ಬಂದರು. ಜನ ಬಿಟ್ಟಿಯಾಗಿ ಮನೆ ಬಾಗಿಲು ತೆಗೆದದ್ದರಿಂದಲೇ ಅದು ನಡೆಯಿತು. ಇವತ್ತು ಇದರಲ್ಲಿ ದೊಡ್ಡ ಸಂಸ್ಥೆಗಳಿವೆ, ಪೋಷಕರು ಕಟ್ಟುವ ದೊಡ್ಡ ಫೀಸೂ ಇದೆ. 'ಫೀಸು ಅವರಿಗೆ, ಖರ್ಚು ನಮಗಾ?' ಅಂತ ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬಾಡಿಗೆಗೆ ಅಂತ ಮಗುವನ್ನು ತೆಗೆದುಕೊಂಡ ಮನೆಯೂ, ಬೇಕು ಅಂತ ತೆಗೆದುಕೊಂಡ ಮನೆಯೂ ಒಂದೇ ಥರ ಇರಲ್ಲ. ಎರಡನ್ನೂ ನೋಡಿದ್ದೇನೆ. ಈ ನಿಯಮ ಹೀಗೇ ಇರಲಿ ಅನ್ನುವವನು ನಾನು.

ಹೊಣೆಯ ವಿಷಯ. ನೀವು ಅವಳ ಕಾನೂನುಬದ್ಧ ಪೋಷಕರಾಗುವುದಿಲ್ಲ. ಕಾರ್ಯಕ್ರಮದ ಹೊಣೆ ಅವಳನ್ನು ಕರೆಸಿಕೊಳ್ಳುವ ಸ್ಪಾನ್ಸರ್ ಸಂಸ್ಥೆಯದ್ದು. ಅವಳಿಗೆ ಆರೋಗ್ಯ ವಿಮೆ ಕಡ್ಡಾಯ. ಒಂದು ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಕೊಡುವಂಥದ್ದಾಗಿರಬೇಕು, ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮುಂಚೆ ಕೈಯಿಂದ ಕಟ್ಟಬೇಕಾದ ಮೊತ್ತ, 500 ಡಾಲರ್ ಮೀರಬಾರದು. ಚಿಕಿತ್ಸೆಗೆ ಒಪ್ಪಿಗೆ ಕೊಡುವ ಪತ್ರಕ್ಕೆ ಅವಳ ಅಪ್ಪ ಅಮ್ಮ ಸಹಿ ಹಾಕಿ ಕಳಿಸಿರುತ್ತಾರೆ. ಅದರ ಒಂದು ಪ್ರತಿ ಕಾರಿನಲ್ಲಿ, ಒಂದು ಮನೆಯಲ್ಲಿ ಇರಲಿ. ಕಾರಿನ ವಿಮೆ, ಮನೆ ವಿಮೆ ಮಾಡಿದ ಏಜೆಂಟ್‌ಗೂ ಒಂದು ಮಾತು ಹೇಳಿ. ಹುಡುಗಿಗೆ ನಿಮ್ಮ ಮೇಲೆಯೇ ದೂರು ಇದ್ದರೆ? ಅವಳ ಕೈಯಲ್ಲಿ ಸಂಸ್ಥೆಯ ನಂಬರ್ ಜೊತೆ ಸ್ಟೇಟ್ ಡಿಪಾರ್ಟ್‌ಮೆಂಟ್‌ನ ಸಹಾಯವಾಣಿ ನಂಬರ್ ಕೂಡ ಇರುತ್ತದೆ. ಕೋಆರ್ಡಿನೇಟರ್ ಪ್ರತಿ ತಿಂಗಳು ಅವಳ ಜೊತೆಯೂ ನಿಮ್ಮ ಜೊತೆಯೂ ಮಾತಾಡಬೇಕು. ಅವಳ ಜೊತೆ ಮಾತಾಡುವಾಗ ನೀವು ಪಕ್ಕದಲ್ಲಿ ಕಾಫಿ ಹಿಡಿದು ಕೂರಬೇಡಿ. ನಮ್ಮ ಜನ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಮಗು ಬಾಯಿ ಬಿಡುವುದಿಲ್ಲ.

ಊಟಕ್ಕೆ ಬರೋಣ. ನೀವು ಹೆದರಿರುವಷ್ಟು ದೊಡ್ಡ ಸಮಸ್ಯೆ ಇದಲ್ಲ. ನಿಮ್ಮ ಪ್ರೊಫೈಲ್ ಅವಳ ಮನೆಯವರಿಗೆ ಮೊದಲೇ ಹೋಗುತ್ತದೆ. ಅದರಲ್ಲಿ ಖಡಾಖಂಡಿತ ಬರೆಯಿರಿ: ಮನೆಯಲ್ಲಿ ಮಾಂಸ, ಮೀನು ಬೇಯಿಸುವುದಿಲ್ಲ, ಮೊಟ್ಟೆ ಉಂಟೋ ಇಲ್ಲವೋ, ಹೊರಗೆ ಅವಳು ಏನು ತಿಂದರೂ ನಮ್ಮ ತಕರಾರಿಲ್ಲ. ಕೊನೆಯದು ನಿಜವಾಗಿದ್ದರೆ ಮಾತ್ರ ಬರೆಯಿರಿ. ಚಿಕನ್ ಬರ್ಗರ್ ಪೊಟ್ಟಣವನ್ನು ನಿಮ್ಮ ಫ್ರಿಜ್‌ನಲ್ಲಿ ಇಡಬಹುದಾ, ನಿಮ್ಮ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಹುದಾ? ಇದನ್ನು ಯಜಮಾನರು, ಅತ್ತೆ, ನೀವು ಮೂವರೂ ಈಗ ಕೂತು ತೀರ್ಮಾನ ಮಾಡಿ. ಕೆಲವರು ಗ್ಯಾರೇಜಿನಲ್ಲಿ ಸಣ್ಣ ಫ್ರಿಜ್ ಇಡುತ್ತಾರೆ. ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಎರಡೂ ನಡೆಯುತ್ತದೆ. ಅವಳು ಬಂದ ಮೂರನೇ ವಾರಕ್ಕೆ ನಿಯಮ ಬದಲಾಗುವುದು ಮಾತ್ರ ನಡೆಯುವುದಿಲ್ಲ.

ನಿಜವಾದ ತೊಂದರೆ ಬಡಿಸುವುದರಲ್ಲಿದೆ. ಒಂದು ಮನೆಯಲ್ಲಿ ನಾನೇ ಕೂತು ಕಂಡದ್ದು. ಜರ್ಮನಿಯ ಹುಡುಗ, ಬಂದು ಒಂದು ತಿಂಗಳಾಗಿತ್ತು. ಆ ತಾಯಿ ಎರಡು ದೋಸೆ ಹಾಕಿದರು, ತಿಂದ. 'ಸಾಕು, ಥ್ಯಾಂಕ್ಯೂ' ಅಂದ. ಅವರು ಕಾವಲಿಯಿಂದ ನೇರವಾಗಿ ಮೂರನೆಯದನ್ನು ತಟ್ಟೆಗೆ ಜಾರಿಸಿದರು. ಅವನು ಒಂದು ಸಲ ನನ್ನ ಕಡೆ ನೋಡಿ, ತಲೆ ತಗ್ಗಿಸಿ ಅದನ್ನೂ ಮುಗಿಸಿದ. ನಾಲ್ಕನೆಯದು ಬಂತು. ಆಮೇಲೆ ಅವನನ್ನು ಹೊರಗೆ ವಾಕಿಂಗ್ ಕರೆದುಕೊಂಡು ಹೋದೆ. ದಿನಾ ರಾತ್ರಿ ಹೊಟ್ಟೆ ಉಬ್ಬರಿಸಿ ನಿದ್ದೆ ಬರುತ್ತಿಲ್ಲ ಅಂದ. ತಟ್ಟೆಯಲ್ಲಿ ಬಿಟ್ಟರೆ ಅವಮಾನ ಮಾಡಿದ ಹಾಗೆ ಅಂತ ಅವನ ಮನೆಯಲ್ಲಿ ಕಲಿಸಿದ್ದರು. ಒಂದೇ ಸಲ ಕೇಳಿ ಬಿಟ್ಟರೆ ಉಪಚಾರವೇ ಅಲ್ಲ ಅಂತ ಈ ತಾಯಿಗೆ ಅವರ ಅಮ್ಮ ಕಲಿಸಿದ್ದರು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಒದ್ದಾಡುತ್ತಿದ್ದರು. ಪಾತ್ರೆಗಳನ್ನು ಟೇಬಲ್ ಮೇಲಿಟ್ಟು ಅವರವರೇ ಬಡಿಸಿಕೊಳ್ಳಲಿ ಅಂತ ಹೇಳಿ ಬಂದೆ. ಒಂದು ವಾರದಲ್ಲಿ ಸರಿಹೋಯಿತು.

ಇದರ ಜೊತೆಗೆ ಹೇಳಬೇಕಾದದ್ದು ಕೆಲಸ. ಅವಳ ತಟ್ಟೆ ಅವಳು ತೊಳೆಯಲಿ. ಬಟ್ಟೆ ಅವಳೇ ಒಗೆದುಕೊಳ್ಳಲಿ. ನಿಮ್ಮ ಮಗಳಿಗೆ ಕಸದ ಡಬ್ಬ ಹೊರಗಿಡುವ ಕೆಲಸ ಇದ್ದರೆ ಇವಳಿಗೂ ಒಂದು ಕೆಲಸ ಇರಲಿ. ವರ್ಷಪೂರ್ತಿ ನೆಂಟಳಾಗಿ ಇರುವುದು ಅವಳಿಗೂ ಹಿಂಸೆ, ಅದನ್ನು ನೋಡುತ್ತಾ ಕೂರುವ ನಿಮ್ಮ ಮಗಳಿಗೆ ಇನ್ನೂ ಜಾಸ್ತಿ ಹಿಂಸೆ. ಎರಡು ಹುಡುಗಿಯರ ಜಗಳ ಶುರುವಾಗುವುದೇ ಇಲ್ಲಿಂದ.

ಮೊದಲ ದಿನ ರಾತ್ರಿಯೋ ಮಾರನೇ ದಿನವೋ ಕೂತು ಸಣ್ಣ ಸಣ್ಣ ಪ್ರಶ್ನೆಗಳನ್ನು ಮುಗಿಸಿಬಿಡಿ. ರೋಟರಿಯವರು, ಎಎಫ್‌ಎಸ್‌ನವರು ಇದಕ್ಕೆ ಪಟ್ಟಿಯನ್ನೇ ಮಾಡಿಕೊಡುತ್ತಾರೆ. ನಿಮ್ಮನ್ನು ಏನಂತ ಕರೆಯಬೇಕು? ಒದ್ದೆ ಟವೆಲ್ ಎಲ್ಲಿ ಹಾಕಬೇಕು? ಕೇಳದೆ ಫ್ರಿಜ್ ತೆಗೆಯಬಹುದಾ? ಬೆಳಿಗ್ಗೆ ಬಚ್ಚಲು ಯಾರಿಗೆ ಎಷ್ಟು ಹೊತ್ತಿಗೆ? ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಇದ್ದರೆ ಬೇಜಾರಾಗುತ್ತಾ? ಫ್ರಿಜ್ ಪ್ರಶ್ನೆ ನಗು ತರಿಸಬಹುದು. ಆದರೆ ರಾತ್ರಿ ಹಸಿದು, ಕತ್ತಲಲ್ಲಿ ಅಡುಗೆಮನೆವರೆಗೆ ಬಂದು, ತೆಗೆಯಲು ಧೈರ್ಯ ಸಾಲದೆ ವಾಪಸ್ ಹೋಗಿ ಮಲಗಿದ ಮಕ್ಕಳು ಬೇಕಾದಷ್ಟಿದ್ದಾರೆ. ಇದಕ್ಕೆ ನಮ್ಮ ಮನೆಯ ಪ್ರಶ್ನೆಗಳನ್ನೂ ಸೇರಿಸಿ. ಚಪ್ಪಲಿ ಎಲ್ಲಿ ಬಿಡಬೇಕು, ದೇವರ ಕೋಣೆಗೆ ಬರಬಹುದಾ. ಆಗಸ್ಟ್‌ನಲ್ಲಿ ಬಂದವಳಿಗೆ ಸ್ವಲ್ಪ ದಿನದಲ್ಲೇ ಗಣೇಶನ ಹಬ್ಬ. ಬಾ ಅನ್ನಿ, ಮೋದಕ ಕೊಡಿ, ಕೈ ಮುಗಿ ಅನ್ನಬೇಡಿ. ಭಾನುವಾರ ಚರ್ಚಿಗೆ ಹೋಗುತ್ತೇನೆ ಅಂದರೆ ಬಿಟ್ಟು ಬನ್ನಿ.

ಇನ್ನೊಂದು ಮಾತು, ಯಾರೂ ಬಾಯಿ ಬಿಟ್ಟು ಹೇಳದ್ದು. ಮುಟ್ಟಿನ ವಿಷಯದಲ್ಲಿ ಅತ್ತೆಯವರಿಗೆ ಮಡಿ ಇದ್ದರೆ, ಅವರು ಬರುವ ಮುಂಚೆಯೇ ಫೋನಿನಲ್ಲಿ ಮಾತಾಡಿ ಮುಗಿಸಿ. ಆ ಹುಡುಗಿಗೆ ಅದು ಅನ್ವಯಿಸುವುದಿಲ್ಲ, ಅಷ್ಟೇ. ನಿಮ್ಮ ಮಗಳಿಗೆ ಅನ್ವಯಿಸುತ್ತಿದೆಯಾ ಅನ್ನುವ ಪ್ರಶ್ನೆಯೂ ಆಗ ಮನೆಯಲ್ಲಿ ಏಳುತ್ತದೆ. ಏಳಲಿ ಬಿಡಿ.

ಹೊರಗೆ ಹೋಗುವ ವಿಷಯದಲ್ಲಿ ನೀವು ನೇರವಾಗಿ ಕೇಳಿಲ್ಲ, ಆದರೆ ಕನ್ನಡದ ತಾಯಂದಿರು ಕೊನೆಗೆ ಬರುವುದು ಇಲ್ಲಿಗೇ. ಶುಕ್ರವಾರ ರಾತ್ರಿ ಫುಟ್‌ಬಾಲ್ ಮ್ಯಾಚ್, ಹೋಮ್‌ಕಮಿಂಗ್, ಪ್ರಾಮ್ ಅನ್ನುವ ಶಾಲೆಯ ಡ್ಯಾನ್ಸ್ ಸಂಜೆಗಳು, ಬಾಯ್‌ಫ್ರೆಂಡ್. ಅವಳು ಬರುವುದೇ ಈ ಅಮೆರಿಕವನ್ನು ನೋಡಲು. ಕುಡಿತ, ಡ್ರಗ್ಸ್ ಸಂಸ್ಥೆಯ ನಿಯಮದಲ್ಲೇ ನಿಷಿದ್ಧ. ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಅನ್ನುವುದು ನಿಮ್ಮ ತೀರ್ಮಾನ. ಒಂದೇ ಗಂಟೆ ಇಬ್ಬರಿಗೂ ಇಡಿ. ಮಗಳಿಗೆ ಒಂಬತ್ತು, ಅವಳಿಗೆ ಹನ್ನೊಂದು ಅಂದರೆ ಮಗಳು ಕೆರಳುತ್ತಾಳೆ. ಇಬ್ಬರಿಗೂ ಎಂಟು ಅಂದರೆ ಸ್ಪೇನ್‌ನವಳು ಸೆರೆಮನೆಗೆ ಬಂದೆ ಅಂತ ಅಳುತ್ತಾಳೆ. ಮಗಳ ಗಂಟೆಯನ್ನು ಸ್ವಲ್ಪ ಸಡಿಲಿಸಲು ನೀವು ತಯಾರಿಲ್ಲದಿದ್ದರೆ ಹೋಸ್ಟ್ ಆಗುವುದು ಬೇಡ ಅಂತಲೇ ನನ್ನ ಸಲಹೆ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ಯೋಚನೆ ಇದೆಯಾ? ಅತ್ತೆ ಇಲ್ಲೇ ಇರುವುದರಿಂದ ಇಲ್ಲ ಅಂದುಕೊಂಡಿದ್ದೇನೆ. ಇದ್ದರೆ ಈಗಲೇ ಹೇಳಿ. ಹುಡುಗಿಯನ್ನು ಜೊತೆಗೆ ಕರೆದೊಯ್ಯಲು ಅವಳ ಪೋಷಕರ ಒಪ್ಪಿಗೆ, ಸಂಸ್ಥೆಯ ಒಪ್ಪಿಗೆ, ವೀಸಾ ದಾಖಲೆಯ ಮೇಲೆ ಪ್ರಯಾಣದ ಸಹಿ, ಭಾರತದ ವೀಸಾ, ಎಲ್ಲ ಬೇಕು. ಬಿಟ್ಟು ಹೋಗುವುದಾದರೆ ಆ ದಿನಗಳಿಗೆ ಇನ್ನೊಂದು ಮನೆ ಬೇಕು, ಅದನ್ನೂ ಸಂಸ್ಥೆ ಮೊದಲೇ ಪರಿಶೀಲಿಸಿರಬೇಕು. 'ಪಕ್ಕದ ಮನೆಯ ರಾವ್ ಫ್ಯಾಮಿಲಿ ನೋಡ್ಕೋತಾರೆ' ಅಂತ ನಿಮ್ಮಷ್ಟಕ್ಕೆ ಬಿಟ್ಟು ಹೋಗುವಂತಿಲ್ಲ.

ಪೂರ್ತಿ ವರ್ಷ ಭಾರ ಅನ್ನಿಸಿದರೆ ನಿಮ್ಮ ಊರಿನ ರೋಟರಿ ಕ್ಲಬ್ಬನ್ನು ಕೇಳಿ. ರೋಟರಿಯ ಒಂದು ವರ್ಷದ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಒಂದಾದ ಮೇಲೊಂದು ಮನೆ ಬದಲಿಸುತ್ತಾನೆ. ನಿಮ್ಮ ಪಾಲಿಗೆ ಬರುವುದು ಕೆಲವು ತಿಂಗಳು. ಅದಕ್ಕೆ ನೀವು ರೋಟರಿ ಸದಸ್ಯರಾಗಿರಬೇಕಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ, ಅದರಲ್ಲೂ ಮೊದಲ ಸಲಕ್ಕೆ, ನಾನು ಇದನ್ನೇ ಹೇಳುವುದು ಜಾಸ್ತಿ.

ಕೋಆರ್ಡಿನೇಟರ್ ಕೆಲಸ ಯಾಕೆ ಬೇಡ ಅಂದೆ? ಒಂದು, ನಿಮ್ಮ ಮನೆಯಲ್ಲೇ ಇರುವ ಹುಡುಗಿಗೆ ನೀವೇ ಕೋಆರ್ಡಿನೇಟರ್ ಆಗಲು ಬರುವುದಿಲ್ಲ. ನಿಮ್ಮ ಮೇಲಿನ ದೂರನ್ನು ನಿಮ್ಮ ಹತ್ತಿರವೇ ಹೇಳಿಕೊಳ್ಳಲು ಆಗುತ್ತಾ? ಹಾಗಾಗಿ ಬೇರೆ ಮನೆಗಳ ಮಕ್ಕಳನ್ನು ನೋಡಬೇಕಾಗುತ್ತದೆ. ಆ ಮನೆಗಳು 120 ಮೈಲಿಯ ಒಳಗೆ ಇರಬೇಕು ಅನ್ನುವುದು ನಿಯಮ, ಅಂದರೆ ಶನಿವಾರ ಪೂರ್ತಿ ಕಾರಿನಲ್ಲೇ ಕಳೆಯಬಹುದು. ಪ್ರತಿ ವರ್ಷ ಸ್ಟೇಟ್ ಡಿಪಾರ್ಟ್‌ಮೆಂಟ್‌ನ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಪ್ರತಿ ತಿಂಗಳು ವರದಿ ಬರೆಯಬೇಕು. ಶಾಲೆಯಿಂದ ಸೀಟಿನ ಒಪ್ಪಿಗೆ ಪತ್ರ ತರಬೇಕು. ಇವೆಲ್ಲ ಹೇಗಾದರೂ ಮಾಡಬಹುದು. ನಿಜವಾದ ಕಷ್ಟ ಇರುವುದು ರಾತ್ರಿ ಹನ್ನೊಂದಕ್ಕೆ ಬರುವ ಫೋನಿನಲ್ಲಿ. ಒಂದು ವರ್ಷ ಹೋಸ್ಟ್ ಆಗಿ ನೋಡಿದವರಿಗೆ ಆ ಫೋನಿನ ಆಚೆ ಏನು ನಡೆಯುತ್ತಿದೆ ಅಂತ ಅರ್ಥವಾಗುತ್ತದೆ.

ಎರಡನೆಯದು ವೀಸಾ. ನಿಮ್ಮದು ಯಾವುದು ಅಂತ ನೀವು ಬರೆದಿಲ್ಲ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಎಚ್‌-1ಬಿ (ಕಂಪನಿ ಕೊಡಿಸುವ ಕೆಲಸದ ವೀಸಾ) ಅಥವಾ ಎಚ್‌-4 (ಅವರ ಗಂಡ, ಹೆಂಡತಿ, ಮಕ್ಕಳ ವೀಸಾ) ಆಗಿದ್ದರೆ ಗಮನ ಇಟ್ಟು ಓದಿ. ಹೋಸ್ಟ್ ಆಗುವುದು ನೌಕರಿಯಲ್ಲ, ಅದಕ್ಕೆ ಸಂಬಳವೂ ಇಲ್ಲ. ಆದರೆ ವರ್ಷದ ನಡುವೆ ನೀವು ದೇಶ ಬಿಡಬೇಕಾಗಿ ಬಂದರೆ ಮಗುವಿಗೆ ತೊಂದರೆ ಅಂತ ಸಂಸ್ಥೆ ನಿಮ್ಮ ಸ್ಟೇಟಸ್ ಕೇಳಬಹುದು, ಇದ್ದದ್ದು ಇದ್ದ ಹಾಗೆ ಹೇಳಿ. ಕೋಆರ್ಡಿನೇಟರ್ ಕೆಲಸ ಹಾಗಲ್ಲ. ಕೆಲವು ಸಂಸ್ಥೆಗಳಲ್ಲಿ ಅದು ಪೂರ್ತಿ ಸ್ವಯಂಸೇವೆ. ಇನ್ನು ಕೆಲವು ಸಂಸ್ಥೆಗಳು ವಿದ್ಯಾರ್ಥಿಗೆ ಇಷ್ಟು ಅಂತ ದುಡ್ಡು ಕೊಡುತ್ತವೆ. 'ಸ್ಟೈಪೆಂಡ್' ಅಂತ ಕರೆದ ಮಾತ್ರಕ್ಕೆ ಅದು ಸಂಬಳವಲ್ಲ ಅಂತಾಗುವುದಿಲ್ಲ. ಎಚ್‌-1ಬಿಯವರು ತಮ್ಮ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ. ಕೆಲಸದ ಪರವಾನಗಿ ಇಲ್ಲದ ಎಚ್‌-4ನವರು ಎಲ್ಲೂ ದುಡಿಯುವಂತಿಲ್ಲ. ಕೆಲವು ನೂರು ಡಾಲರ್ ಆಸೆಗೆ ಗ್ರೀನ್ ಕಾರ್ಡ್ ಫೈಲಿಗೆ ಕಲ್ಲು ಹಾಕಿಕೊಳ್ಳಬೇಡಿ. ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಏನಾದರೂ ಮಾಡಬೇಕು ಅಂತ ಮನಸ್ಸಿದ್ದರೆ ಸಣ್ಣ ಕೆಲಸಗಳಿವೆ. ಆಗಸ್ಟ್‌ನಲ್ಲಿ ಏರ್‌ಪೋರ್ಟ್‌ನಿಂದ ಮಕ್ಕಳನ್ನು ಕರೆತರುವುದು, ಓರಿಯಂಟೇಶನ್ ದಿನ ಅಡುಗೆಗೆ ಕೈ ಜೋಡಿಸುವುದು, ಬೇರೆ ಹೋಸ್ಟ್ ಮನೆಯವರು ಊರಿಗೆ ಹೋದಾಗ ಒಂದು ವಾರಾಂತ್ಯ ಅವರ ವಿದ್ಯಾರ್ಥಿಗೆ ನಿಮ್ಮಲ್ಲಿ ಜಾಗ ಕೊಡುವುದು. ಎಕ್ಸ್‌ಚೇಂಜ್ ಮಕ್ಕಳನ್ನು ಕನ್ನಡ ಕೂಟದ ದೀಪಾವಳಿಗೆ ಕರೆಯಿರಿ. ಅವರ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಅಮೆರಿಕ ಅದು.

ಇನ್ನು ಅಕ್ಕನ ಮಗಳು. ಜೆ-1 ಹೈಸ್ಕೂಲ್ ಕಾರ್ಯಕ್ರಮದಲ್ಲಿ ಯಾವ ವಿದ್ಯಾರ್ಥಿಯನ್ನೂ ಅವರ ನೆಂಟರ ಮನೆಗೆ ಹಾಕುವಂತಿಲ್ಲ. ಇದಕ್ಕೆ ವಿನಾಯಿತಿ ಇಲ್ಲ. ಟೂರಿಸ್ಟ್ ವೀಸಾದಲ್ಲಿ ಕರೆಸಿ ಶಾಲೆಗೆ ಸೇರಿಸುವುದು ಕಾನೂನುಬಾಹಿರ. ಎಫ್‌-1ನಲ್ಲಿ ಸರ್ಕಾರಿ ಹೈಸ್ಕೂಲಿಗೆ ಬರಬಹುದು, ಹೆಚ್ಚೆಂದರೆ 12 ತಿಂಗಳು. ಅದಕ್ಕೂ ಶಾಲೆಗೆ ತಗಲುವ ಪೂರ್ತಿ ವೆಚ್ಚವನ್ನು ಮೊದಲೇ ಕಟ್ಟಬೇಕು, ಆ ಶಾಲೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳುವಂಥದ್ದೂ ಆಗಿರಬೇಕು.

ಅವಳಿಗೆ ನಿಜವಾಗಿ ಆಸಕ್ತಿ ಇದ್ದರೆ ಅವಳದೇ ದಾರಿಯಲ್ಲಿ ಬರಲಿ. ಕೆನಡಿ-ಲುಗರ್ ಯೂತ್ ಎಕ್ಸ್‌ಚೇಂಜ್ ಅಂಡ್ ಸ್ಟಡಿ, ಚಿಕ್ಕದಾಗಿ 'ಯೆಸ್' ಅನ್ನುವ ಸ್ಕಾಲರ್‌ಶಿಪ್ ಇದೆ. 2002ರಲ್ಲಿ ಅಮೆರಿಕ ಸರ್ಕಾರ ಶುರು ಮಾಡಿದ್ದು. ಆಯ್ಕೆಯಾದವರ ವಿಮಾನ ಖರ್ಚು, ವಿಮೆ, ಕೈಖರ್ಚು ಎಲ್ಲ ಅದರಲ್ಲೇ ಬರುತ್ತದೆ. ಪೈಪೋಟಿ ಜೋರು. ಭಾರತದಲ್ಲಿ ಇದನ್ನು ಎಎಫ್‌ಎಸ್ ನಡೆಸಿಕೊಂಡು ಬಂದಿದೆ. ಆ ವರ್ಷ ಅರ್ಜಿ ಕರೆದಿದ್ದಾರಾ, ತನ್ನ ಶಾಲೆಯಿಂದ ಅರ್ಜಿ ಹಾಕಬಹುದಾ ಅಂತ ಅವಳೇ ವಿಚಾರಿಸಲಿ. ಆಯ್ಕೆಯಾದರೆ ಯಾವ ರಾಜ್ಯದ ಯಾವ ಊರು ಸಿಗುತ್ತದೆ ಅನ್ನುವುದು ಅವಳ ಕೈಲಿಲ್ಲ. ನಿಮ್ಮ ಮನೆ ಅಂತೂ ಅಲ್ಲ. ಅಕ್ಕ ಭಾವನಿಗೆ ಎರಡು ಮಾತು ತಿಳಿಸಿ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ನಡುವೆ ಹೋದರೆ ಇಲ್ಲಿ ಓದಿದ ವರ್ಷವನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯದೆ ಒಂದು ವರ್ಷ ಹಿಂದೆ ಬೀಳಬಹುದು, ಶಾಲೆಯವರ ಜೊತೆ ಮೊದಲೇ ಮಾತಾಡಬೇಕು. ಮತ್ತೆ, ಸರ್ಕಾರಿ ದುಡ್ಡಿನಲ್ಲಿ ಜೆ-1ನಲ್ಲಿ ಬಂದವರಿಗೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕಾದ ನಿಯಮ ಅಂಟಿಕೊಳ್ಳುತ್ತದೆ. ಅದನ್ನು ಮುಗಿಸದೆ, ಇಲ್ಲವೇ ಅದರಿಂದ ವಿನಾಯಿತಿ ಪಡೆಯದೆ, ಮುಂದೆ ಎಚ್‌-1ಬಿಯಾಗಲಿ ಗ್ರೀನ್ ಕಾರ್ಡ್ ಆಗಲಿ ಸಿಗದು. ಹದಿನೈದರ ಹುಡುಗಿಗೆ ಇದು ದೂರದ ಮಾತು ಅನ್ನಿಸಬಹುದು. ಅವಳ ಅಪ್ಪನಿಗೆ ಅನ್ನಿಸಲ್ಲ.

ನಿಮ್ಮನ್ನು ಹೋಸ್ಟ್ ಆಗುತ್ತೀರಾ ಅಂತ ಕೇಳಿದ ಆ ತಾಯಿಯನ್ನು ಈ ವಾರ ಎರಡು ವಿಷಯ ಕೇಳಿ. ಅವರ ಸಂಸ್ಥೆ ಸ್ಟೇಟ್ ಡಿಪಾರ್ಟ್‌ಮೆಂಟ್‌ನ ಮಾನ್ಯತೆ ಪಡೆದ ಸ್ಪಾನ್ಸರ್ ಪಟ್ಟಿಯಲ್ಲಿ ಇದೆಯಾ? ನಮಗೆ ಹೊಂದಾಣಿಕೆ ಆಗದಿದ್ದರೆ ಹುಡುಗಿಯನ್ನು ಎಲ್ಲಿಗೆ ಕಳಿಸುತ್ತೀರಿ, ಎಷ್ಟು ದಿನದಲ್ಲಿ? ಎರಡನೆಯದಕ್ಕೆ 'ಹಾಗೆಲ್ಲ ಆಗಲ್ಲ ಬಿಡಿ' ಅಂತ ಉತ್ತರ ಬಂದರೆ ಹುಷಾರು. ಆಗುತ್ತದೆ. ಒಳ್ಳೆಯ ಮನೆ, ಒಳ್ಳೆಯ ಹುಡುಗಿ ಇದ್ದರೂ ಹೊಂದದೆ ಇರಬಹುದು. ಮನೆ ಬದಲಾದರೆ ಅದು ಯಾರ ಮಾನ ಹೋಗುವ ಸಂಗತಿಯೂ ಅಲ್ಲ.

ಆಗಸ್ಟ್ 31ರೊಳಗೆ ಪ್ರತಿ ವಿದ್ಯಾರ್ಥಿಗೂ ಮನೆ ಮತ್ತು ಶಾಲೆ ಗೊತ್ತಾಗಿರಬೇಕು ಅನ್ನುವುದು ನಿಯಮ. ಅದಕ್ಕೇ ಜೂನ್, ಜುಲೈ ಬಂತೆಂದರೆ ಕೋಆರ್ಡಿನೇಟರ್‌ಗಳು ಗಡಿಬಿಡಿಯಲ್ಲಿ ಇರುತ್ತಾರೆ. ನಾನೂ ಇರುತ್ತೇನೆ. ಆಗ ಬರುವ 'ದಯವಿಟ್ಟು, ಇನ್ನು ನೀವೇ ದಿಕ್ಕು' ಅನ್ನುವ ಫೋನಿಗೆ ಸೋಲಬೇಡಿ. ಇಲ್ಲ ಅನ್ನುವುದಾದರೆ ಈಗಲೇ ಅನ್ನಿ, ಅವರಿಗೆ ಬೇರೆ ಮನೆ ಹುಡುಕಲು ಟೈಮ್ ಸಿಗುತ್ತದೆ. ಹೂಂ ಅನ್ನುವುದಾದರೆ ಮೊದಲು ನಿಮ್ಮ ಮ್ಯಾನೇಜರ್ ಜೊತೆ ಮಾತಾಡಿ ಬೆಂಗಳೂರು ಟೀಮಿನ ಜೊತೆ ರಾತ್ರಿ ಒಂಬತ್ತಕ್ಕೆ ಕಾಲ್ ಇದ್ದರೆ ಅದನ್ನು ಬೆಳಿಗ್ಗೆಗೆ ಹಾಕಿಸಿಕೊಳ್ಳಿ.